ಹದಿನಾಲ್ಕನೆಯ ಕ್ಲಿಪ್

ಜಗಳೂರು
21 ನವೆಂಬರ್ 2024

ತಿಮ್ಮೇಶ್ ಅವರಿಗೆ ದುರ್ಗಾಂಬಿಕಾಳ ನಮಸ್ಕಾರ.

ಒಂಬತ್ತು ವರ್ಷ ನಿಮ್ಮ ಜೊತೆ ಬಾಳಿದರೂ ಹೆಸರು ಹಿಡಿದು ಕರೆದವಳಲ್ಲ ನಾನು. ಯಾರಾದರೂ ಕೇಳಿದರೆ 'ನಮ್ಮನೆಯವರು' ಎನ್ನುತ್ತಿದ್ದೆ. ಈಗ ನನ್ನ ಮನೆ ಬೇರೆಯಾಗಿದೆ, ಒಂದೇ ಕೋಣೆಯದಾದರೂ. ಹಾಗಾಗಿ ಹೆಸರು ಬರೆದಿದ್ದೇನೆ. ತಪ್ಪು ತಿಳಿಯಬೇಡಿ ಎಂದು ಕೇಳುವುದಿಲ್ಲ.

ಹೋದ ವಾರ ನೀವು ಬಿಳಿಚೋಡಿಗೆ, ಅಣ್ಣ ಓಬಳೇಶನಿಗೆ ಫೋನ್ ಮಾಡಿದ್ದಿರಂತೆ. ಮದುವೆಗಳು ಶುರುವಾಗುತ್ತಿವೆ, ಎಡಿಟಿಂಗಿಗೆ ಇಟ್ಟುಕೊಂಡವನು ಬಿಟ್ಟುಹೋದ, ಆದದ್ದು ಆಯಿತು, ದುರ್ಗ ಹೊನ್ನಾಳಿಗೆ ಬಂದುಬಿಡಲಿ ಎಂದಿರಂತೆ. ಅಣ್ಣ ಅದನ್ನು ಸಂತೋಷದಿಂದಲೇ ನನಗೆ ತಿಳಿಸಿದ. ಹದಿನೈದು ತಿಂಗಳಲ್ಲಿ ಇವಳು ಉಂಡಳೋ ಬಿಟ್ಟಳೋ ಎಂದು ಕೇಳದ ನಿಮಗೆ ಹಾರ್ಡ್‌ಡಿಸ್ಕ್ ತುಂಬಿದ ಮೇಲೆ ಹೆಂಡತಿ ನೆನಪಾದಳು. ಅಣ್ಣನಿಗೆ ಇದು ತಿಳಿಯುವುದಿಲ್ಲ. ನಿಮಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಹೊರಟರೆ ನಡುವೆ ಬಾಯಿ ಹಾಕುತ್ತೀರಿ. ವಾಟ್ಸಾಪಿನಲ್ಲಿ ಕಳಿಸಿದರೆ ಅರ್ಧ ಓದಿ ಅಳಿಸುತ್ತೀರಿ. ಈ ಕಾಗದ ರಿಜಿಸ್ಟರ್ಡ್ ಪೋಸ್ಟಿನದು, ಸಹಿ ಹಾಕಿ ತೆಗೆದುಕೊಂಡಿರುತ್ತೀರಿ, ಬಂದಿಲ್ಲ ಎನ್ನಲಾಗುವುದಿಲ್ಲ.

ನಾನು ಬರುವುದಿಲ್ಲ. ಯಾಕೆಂದು ಹೇಳಬೇಕಾದರೆ ನ್ಯಾಮತಿಯ ಆ ಮದುವೆಯಿಂದಲೇ ಶುರುಮಾಡಬೇಕು.

ಅದಕ್ಕೂ ಮೊದಲು ಒಂದು ಮಾತು. ನಾನು ಸೊಕ್ಕೆಯ ಕಾಲೇಜಿನಲ್ಲಿ ಪಿಯುಸಿ ಮುಗಿಸಿ ಬಂದವಳು. ಕಂಪ್ಯೂಟರ್ ಮುಟ್ಟಿದ್ದೇ ನಿಮ್ಮ ಸ್ಟುಡಿಯೋದಲ್ಲಿ. ನೀವು ಕ್ಯಾಸೆಟ್ ಕಾಲದಲ್ಲಿ ಕೆಲಸ ಕಲಿತವರು. ಕ್ಯಾಮೆರಾದೊಳಗೆ ಕ್ಯಾಸೆಟ್ ಹೋಗಿ ಬೆರಳುದ್ದದ ಕಾರ್ಡ್ ಬಂದ ಮೇಲೂ ಅದು ನಿಮಗೊಂದು ಚೀಲವಾಗಿತ್ತು. ಕೈ ಹಾಕಿ ಬೇಕಾದ ವಿಡಿಯೋ ಫೈಲುಗಳನ್ನಷ್ಟೇ ಎತ್ತಿಕೊಂಡು ಉಳಿದದ್ದನ್ನು ಬಿಡುತ್ತಿದ್ದಿರಿ. ಕ್ಯಾಮೆರಾ ಉದ್ದನೆಯ ಶಾಟನ್ನು ತುಂಡುತುಂಡಾಗಿ ಇಡುತ್ತದೆ, ಯಾವ ತುಂಡಿನ ಹಿಂದೆ ಯಾವುದು, ಯಾವ ದಿನ, ಎಷ್ಟು ಗಂಟೆಗೆ ತೆಗೆದದ್ದು ಎಂಬುದನ್ನೆಲ್ಲ ಪಕ್ಕದ ಸಣ್ಣಸಣ್ಣ ಫೈಲುಗಳಲ್ಲಿ ಬರೆದಿಟ್ಟಿರುತ್ತದೆ, ಅವು ಇಲ್ಲದಿದ್ದರೆ ಎಡಿಟಿಂಗ್ ಸಾಫ್ಟ್‌ವೇರಿಗೆ ಕೂಡಿಸಲು ಬರುವುದಿಲ್ಲ ಎಂದು ನಾನು ಎಷ್ಟು ಸಲ ಹೇಳಿದರೂ ನಕ್ಕಿರಿ. ಚನ್ನಗಿರಿಯ ಒಂದು ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೇ ತುಂಡು ಸೇರುವ ಜಾಗ ಬಂತು. ವರನ ಕೈ ಒಂದು ಗಳಿಗೆ ವಧುವಿನ ಕೊರಳ ಹತ್ತಿರ, ಮರುಗಳಿಗೆ ತನ್ನ ಮಡಿಲಲ್ಲಿ. ನಡುವಿನದೇ ಇಲ್ಲ. ಆ ಮದುವೆ ಮನೆಯವರು ಸ್ಟುಡಿಯೋಗೆ ಬಂದು ಬೈದಾಗ ನೀವು ನನ್ನ ಕಡೆ ಕೈ ತೋರಿಸಿದಿರಿ. ಅಂದಿನಿಂದ ಕಾರ್ಡ್ ಇಳಿಸುವ ಕೆಲಸ ನನ್ನದಾಯಿತು. ಏನನ್ನೂ ಹೆಕ್ಕದೆ, ಏನನ್ನೂ ಬಿಡದೆ, ಕಾರ್ಡನ್ನು ಇದ್ದ ಹಾಗೆ ಇಡಿಯಾಗಿ ಕಾಪಿ ಮಾಡುತ್ತಿದ್ದೆ. ಎಲ್ಲ ಬಂದಿದೆಯೇ ಎಂದು ನೋಡಿ ಆಮೇಲೆ ಎಡಿಟಿಂಗಿಗೆ ಇಂಪೋರ್ಟ್ ಮಾಡುತ್ತಿದ್ದೆ. ಐದು ವರ್ಷದಲ್ಲಿ ಒಂದು ದೂರು ಬರಲಿಲ್ಲ. ಬೋರ್ಡಿನಲ್ಲಿ ನಿಮ್ಮ ಹೆಸರಷ್ಟೇ ಇತ್ತು, ಇರಲಿ.

ಆ ಮದುವೆಯನ್ನು ನಮಗೆ ಕೊಡಿಸಿದವಳು ರುದ್ರಾಣಿ. ಹೊನ್ನಾಳಿಯಲ್ಲಿ ಮದುಮಗಳಿಗೆ ಸೀರೆ ಉಡಿಸಿ ಮೇಕಪ್ ಮಾಡುವವರಲ್ಲಿ ಅವಳಷ್ಟು ಕೈಚಳಕದವರು ಇರಲಿಲ್ಲ. ಮಧ್ಯಾಹ್ನ ಕೆಲಸವಿಲ್ಲದಾಗ ಸ್ಟುಡಿಯೋಗೆ ಬಂದು ನನ್ನ ಪಕ್ಕದ ಸ್ಟೂಲಿನಲ್ಲಿ ಕೂತು, ತಾನು ಉಡಿಸಿದ ಸೀರೆ ವಿಡಿಯೋದಲ್ಲಿ ಹೇಗೆ ಕಾಣುತ್ತದೆ ನೋಡುತ್ತಿದ್ದಳು. ನ್ಯಾಮತಿಯ ಮೇಘಶ್ರೀಗೂ ಚನ್ನಗಿರಿಯ ಅಡಿಕೆ ಮಂಡಿ ಬೆನಕಪ್ಪನವರ ಮಗ ಮಹಾಂತೇಶನಿಗೂ ಮದುವೆ ನಿಶ್ಚಯವಾದಾಗ, ಅಲಂಕಾರಕ್ಕೆ ಅವಳನ್ನು ಕರೆದರು. ಅವಳು ವಿಡಿಯೋಗೆ ನಮ್ಮ ಹೆಸರು ಹೇಳಿದಳು.

2022ರ ಮೇ ತಿಂಗಳು. ಮಂಟಪದಲ್ಲಿ ಒಂದು ಕ್ಯಾಮೆರಾ, ಒಡವೆ ಜೋಡಿಸಿಟ್ಟ ಕೋಣೆಯಲ್ಲಿ ಇನ್ನೊಂದು. ಒಡವೆ ತಟ್ಟೆಯ ಶಾಟ್ ತೆಗೆದ ನೀವು ನಿಲ್ಲಿಸುವುದನ್ನು ಮರೆತು, ಸ್ಟ್ಯಾಂಡಿನ ಮೇಲೇ ಅದನ್ನು ಬಿಟ್ಟು ಊಟಕ್ಕೆ ಹೋದಿರಿ. ಸಂಜೆ ಹೆಣ್ಣು ಕಳಿಸುವ ಹೊತ್ತಿಗೆ ಗಂಡಿನ ಕಡೆಯವರು ಹಾಕಿದ್ದ ಮೂರೆಳೆ ಸರ ಇಲ್ಲ ಎಂದು ಗದ್ದಲ ಎದ್ದಿತು. ಕೋಣೆಯಲ್ಲಿ ಹೆಚ್ಚು ಹೊತ್ತು ಇದ್ದವಳು ರುದ್ರಾಣಿ. ಹೊರಗಿನವಳೂ ಅವಳೊಬ್ಬಳೇ. ಅವಳ ಮೇಕಪ್ ಪೆಟ್ಟಿಗೆಯನ್ನು ನೂರು ಜನರ ಎದುರು ಚಾಪೆಯ ಮೇಲೆ ಸುರಿದರು. ಏನೂ ಸಿಗಲಿಲ್ಲ. ಸಿಗಲಿಲ್ಲವೆಂಬ ಸಿಟ್ಟಿಗೆ ಮೇಘಶ್ರೀಯ ಚಿಕ್ಕಮ್ಮ ಅವಳ ಕೆನ್ನೆಗೆ ಹೊಡೆದಳು. ನೀವು ಪಕ್ಕದಲ್ಲೇ ಲೈಟಿನ ವೈರು ಸುತ್ತುತ್ತಿದ್ದಿರಿ. ನಾನು ಬಾಗಿಲಲ್ಲಿ ನಿಂತಿದ್ದೆ. ಇಬ್ಬರೂ ಬಾಯಿ ಬಿಡಲಿಲ್ಲ.

ಮಾರನೆಯ ದಿನ ಪೊಲೀಸರು ಅವಳನ್ನು ಕರೆದೊಯ್ದರು. ಎರಡು ದಿನ ಠಾಣೆಯಲ್ಲಿ ಕೂರಿಸಿದರು.

ಅದರ ಮರುದಿನ ನೀವು ಬೆಳಿಗ್ಗೆ ಚನ್ನಗಿರಿಗೆ ಹೋಗಿಬಂದಿರಿ. ಬೆನಕಪ್ಪನವರು ಕರೆದರೋ, ನೀವೇ ಕಾರ್ಡು ಕಿಸೆಯಲ್ಲಿ ಹಾಕಿಕೊಂಡು ಅವರ ಬಾಗಿಲಿಗೆ ಹೋದಿರೋ, ಇಂದಿಗೂ ನನಗೆ ಗೊತ್ತಿಲ್ಲ. ಮಧ್ಯಾಹ್ನ ಬಂದು ಕಾರ್ಡು ಕೊಟ್ಟಿರಿ. ಇಂಪೋರ್ಟಿಗೆ ಹಾಕಿದೆ. ಪರದೆಯ ಮೇಲೆ ಕ್ಲಿಪ್ಪುಗಳು ಒಂದೊಂದಾಗಿ ಬಂದವು. ಹನ್ನೆರಡು, ಹದಿಮೂರು, ಹದಿನೈದು. ಹದಿನಾಲ್ಕು ಇಲ್ಲ. ಯಾಕೆಂದು ಕೇಳಿದೆ. "ಅದು ಕರಪ್ಟ್ ಆಗೈತೆ, ಬಿಡು. ಬರೇ ಒಡವೆ ತಟ್ಟೆ ಇತ್ತು ಅದ್ರಾಗೆ," ಎಂದಿರಿ. ನಾನು ಆಯಿತು ಎಂದೆ. ಗಂಡನ ಮಾತನ್ನು ನಂಬಿದೆ.

ಕೆಟ್ಟ ಕ್ಲಿಪ್ ಕಪ್ಪು ಚೌಕವಾಗಿಯಾದರೂ ಕಾಣುತ್ತದೆ. ಇಲ್ಲವೇ ಇಲ್ಲದ್ದು ಕೆಟ್ಟದ್ದಲ್ಲ, ತೆಗೆದದ್ದು. ಇದು ನನಗೆ ಗೊತ್ತಿರದ ವಿಷಯವಲ್ಲ. ಆದರೂ ಕೇಳಲಿಲ್ಲ.

ನಮ್ಮ ಕ್ಯಾಮೆರಾದಲ್ಲಿ ಎರಡು ಕಾರ್ಡು. ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಬರೆದಿರುತ್ತದೆ. ಅದು ನಿಮಗೆ ಸಂಜೆ ನೆನಪಾಯಿತು. ಎರಡನೆಯದು ಎಲ್ಲಿ ಎಂದು ಕೇಳಿದಿರಿ. ಡ್ರಾಯರಿನಲ್ಲಿ ಉಳಿದವುಗಳ ಜೊತೆ ಹಾಕಿದ್ದೇನೆ ಎಂದೆ. ಎಲ್ಲ ಒಂದೇ ಥರ ಕಾಣುವ ಕಾರ್ಡುಗಳು. ಒಂದನ್ನೂ ಬಿಡದೆ ಫಾರ್ಮ್ಯಾಟ್ ಮಾಡಿದಿರಿ. ಸಾಲು ಮದುವೆ ಇವೆ, ಎಲ್ಲ ಖಾಲಿ ಇರಲಿ ಎಂದಿರಿ.

ವಾರ ಕಳೆದ ಮೇಲೆ ದಫೇದಾರರು ಸ್ಟುಡಿಯೋಗೆ ಬಂದರು. ನೀವು ಪೆನ್‌ಡ್ರೈವಿನಲ್ಲಿ ಕಾಪಿ ಕೊಟ್ಟಿರಿ. ಅವರು ನನ್ನ ಕಡೆ ತಿರುಗಿ, "ಇಷ್ಟೇ ಏನಮ್ಮಾ? ಕೋಣೆ ಒಳಗಿಂದು ಇನ್ನೇನೂ ಇಲ್ವಾ?" ಎಂದು ಕೇಳಿದರು. "ಇಷ್ಟೇ ಸಾರ್," ಎಂದೆ. ಅದನ್ನು ಬರೆದುಕೊಂಡು ನನ್ನ ಸಹಿ ಹಾಕಿಸಿಕೊಂಡರು. ನೀವು ಹೇಳಿಕೊಟ್ಟದ್ದನ್ನು ನಾನು ಹೇಳಿದೆ.

ಆಮೇಲಿನದು ನಿಮಗೆ ಗೊತ್ತು. ಬೆನಕಪ್ಪನವರ ನೆಂಟರ ಮನೆಗಳ ಗೃಹಪ್ರವೇಶ, ಸೀಮಂತ, ಮದುವೆ, ಎಲ್ಲ ನಮಗೇ ಬಂದವು. ಹೊಸ ಕ್ಯಾಮೆರಾ ಬಂತು. ರುದ್ರಾಣಿಗೆ ಜಾಮೀನಾಯಿತು, ಕೆಲಸ ಹೋಯಿತು. ಒಡವೆ ಇರುವ ಕೋಣೆಗೆ ಅವಳನ್ನು ಯಾರು ಕರೆಯುತ್ತಾರೆ? ಒಂದು ದಿನ ಸ್ಟುಡಿಯೋ ಮುಂದೆ ಹಾದುಹೋದಳು. ಒಳಗೆ ನೋಡಿದಳು. ನಾನು ಹೆಡ್‌ಫೋನ್ ಹಾಕಿಕೊಂಡಿದ್ದೆ. ಕರೆದರೆ ಕೇಳುತ್ತಿರಲಿಲ್ಲ ಎಂದು ಅವಳು ಅಂದುಕೊಳ್ಳಲಿ ಎಂದು ಪರದೆಯಿಂದ ತಲೆ ಎತ್ತಲಿಲ್ಲ.

ಹೋದ ವರ್ಷ ಜುಲೈಯಲ್ಲಿ ಮೇಘಶ್ರೀಯ ಮಗುವಿನ ನಾಮಕರಣ. ನೀವು ಶೂಟ್ ಮಾಡಿ ತಂದ ಕಾರ್ಡನ್ನು ನಾನು ಇಂಪೋರ್ಟ್ ಮಾಡಿದೆ. ತೊಟ್ಟಿಲಿನ ಮೇಲೆ ಬಾಗಿದ ಮೇಘಶ್ರೀಯ ಕೊರಳಲ್ಲಿ ಆ ಮೂರೆಳೆ ಸರ ಜೋತಾಡುತ್ತಿತ್ತು. ಹಸಿರು ಕಲ್ಲಿನ ಪದಕದಲ್ಲಿ ಎಡಗಡೆಯ ಒಂದು ಹರಳು ಉದುರಿದ ಜಾಗವೂ ಮದುವೆಯ ವಿಡಿಯೋದಲ್ಲಿ ಕಂಡ ಹಾಗೇ ಇತ್ತು. ನಿಲ್ಲಿಸಿ ನಿಮ್ಮನ್ನು ಕರೆದು ತೋರಿಸಿದೆ. ಅಂಥದ್ದೇ ಇನ್ನೊಂದು ಮಾಡಿಸಿರುತ್ತಾರೆ ಎಂದಿರಿ. ಉದುರಿದ ಹರಳನ್ನೂ ಹಾಗೇ ಮಾಡಿಸಿದರೇ ಎಂದು ಕೇಳಿದೆ. ಆಗ ನೀವು ಅಂದದ್ದು ನಿಮಗೆ ನೆನಪಿದೆಯೋ ಇಲ್ಲವೋ, ನನಗಿದೆ. "ನಿನ್ಗೆ ಕೊಟ್ಟಿರೋದು ಕಟ್ ಮಾಡಾಕೆ. ನ್ಯಾಯ ಹೇಳಾಕೆ ಅಲ್ಲ. ಆ ಶಾಟು ತೆಗೆದು ಹಾಕು."

ತೆಗೆದುಹಾಕಿದೆ. ನಾಮಕರಣದ ವಿಡಿಯೋ ಮುಗಿಸಿ ಕೊಟ್ಟೆ. ಆಗಸ್ಟಿನಲ್ಲಿ ಎರಡು ಬ್ಯಾಗು, ಮೂಲೆಗೆ ಬಿದ್ದಿದ್ದ ಹಳೇ ಕ್ಯಾಮೆರಾ ತೆಗೆದುಕೊಂಡು ಜಗಳೂರಿನ ಬಸ್ಸು ಹತ್ತಿದೆ. ಊರಿನವರಿಗೆ ನೀವು ನನ್ನ ತಲೆ ಸರಿಯಿಲ್ಲ ಎಂದು ಹೇಳಿಕೊಂಡಿರಂತೆ.

ಇಲ್ಲಿ ಶಾಲೆಯ ವಾರ್ಷಿಕೋತ್ಸವ, ಸಣ್ಣಪುಟ್ಟ ಮದುವೆ ಮಾಡಿಕೊಂಡು ಹೇಗೋ ನಡೆದಿದೆ. ಈ ಸೆಪ್ಟೆಂಬರಿನಲ್ಲಿ ಹಳೇ ಕ್ಯಾಮೆರಾ ಬ್ಯಾಗಿನ ಒಳಜೇಬಿನಲ್ಲಿ ಒಂದು ಕಾರ್ಡು ಸಿಕ್ಕಿತು. ಖಾಲಿ ಮಾಡುವ ಮುಂಚೆ ಇಡಿಯಾಗಿ ಕಾಪಿ ಮಾಡಿ ನೋಡುವುದು ನನ್ನ ಅಭ್ಯಾಸ. ಕಾಪಿ ಮಾಡಿ ಇಂಪೋರ್ಟಿಗೆ ಹಾಕಿದೆ. ಹನ್ನೆರಡು, ಹದಿಮೂರು, ಹದಿನಾಲ್ಕು. ನಲವತ್ತೊಂದು ನಿಮಿಷ. ಒಂದು ತುಂಡೂ ತಪ್ಪದೆ ಕೂಡಿಕೊಂಡು ಬಂತು.

ಅದರಲ್ಲಿ ಏನಿದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಒಮ್ಮೆಯಾದರೂ ನಮ್ಮಿಬ್ಬರ ನಡುವೆ ಅದು ಮಾತಾಗಿ ಬರಲಿ. ಮುಹೂರ್ತ ಮುಗಿಸಿ ಬಂದ ಮೇಘಶ್ರೀಯನ್ನು ರುದ್ರಾಣಿ ಸೀರೆ ಬದಲಿಸಲು ಪರದೆಯ ಹಿಂದೆ ಕರೆದುಕೊಂಡು ಹೋಗುತ್ತಾಳೆ. ಬಿಚ್ಚಿದ ಒಡವೆಗಳು ತಟ್ಟೆಯಲ್ಲಿವೆ. ಬೆನಕಪ್ಪನವರ ಹೆಂಡತಿ ಅನ್ನಪೂರ್ಣಮ್ಮ ಒಳಗೆ ಬರುತ್ತಾರೆ. ಬಾಗಿಲ ಕಡೆ ನೋಡುತ್ತಾರೆ. ತಾವು ಹಾಕಿದ ಸರ ಹೀಗೆ ಬಿದ್ದಿರುವುದನ್ನು ಕಂಡು ನಾಲಿಗೆ ಲೊಚಗುಟ್ಟಿ, ಅದನ್ನು ಕರ್ಚೀಫಿನಲ್ಲಿ ಸುತ್ತಿ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು ಹೋಗುತ್ತಾರೆ. ಅದು ಕಳ್ಳತನವಲ್ಲ. ಜೋಪಾನ ಮಾಡಿದ್ದು. ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ತಯಾರಿಗೆಂದು ಗದ್ದಲಕ್ಕೂ ಮೊದಲೇ ಊರಿಗೆ ಹೊರಟವರು ಆ ಗಡಿಬಿಡಿಯಲ್ಲಿ ಮರೆತಿರಬೇಕು. ಚನ್ನಗಿರಿಗೆ ಹೋಗಿ ಬ್ಯಾಗು ತೆರೆದಾಗ ಸಿಕ್ಕಿರಬೇಕು. ಆಗಲೇ ಫೋನೆತ್ತಿ, ನನ್ನ ಹತ್ತಿರವೇ ಇದೆ ಕಣ್ರೀ ಎಂದಿದ್ದರೆ ಎರಡು ದಿನ ನಗೆಪಾಟಲಾಗಿ ಮುಗಿಯುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ಒಬ್ಬಳ ಕೆನ್ನೆಗೆ ಹೊಡೆದಾಗಿತ್ತು, ಪೊಲೀಸರಿಗೆ ಹೇಳಿಯಾಗಿತ್ತು. ದೊಡ್ಡ ಮನೆಯವರು ಸೀರೆ ಉಡಿಸುವವಳ ಎದುರು ತಪ್ಪಾಯಿತು ಎನ್ನಬೇಕಾಗಿತ್ತು. ಅದರ ಬದಲು ಅವಳೇ ಕಳ್ಳಿಯಾಗಿರಲಿ ಎಂದುಕೊಂಡರು.

ಅವರನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ಅವರಿಗೆ ರುದ್ರಾಣಿ ಯಾರೂ ಅಲ್ಲ. ನಮ್ಮ ಮನೆಯಲ್ಲಿ ಅವಳು ರೊಟ್ಟಿ ತಿಂದವಳು.

ದಸರಾ ಮುಗಿದ ಮೇಲೆ ಲ್ಯಾಪ್‌ಟಾಪ್ ಹಿಡಿದು ಅವಳನ್ನು ಹುಡುಕಿಕೊಂಡು ಹೋದೆ. ಈಗ ಅವಳು ಸೂರಗೊಂಡನಕೊಪ್ಪದ ದೇವಸ್ಥಾನದ ಮುಂದೆ ತಾಯಿ ಕಾಟಮ್ಮನ ಜೊತೆ ಹಣ್ಣುಕಾಯಿ, ಊದುಬತ್ತಿ ಮಾರಿಕೊಂಡಿದ್ದಾಳೆ. ತಗಡಿನ ಅಂಗಡಿ. ನನ್ನನ್ನು ನೋಡಿ ಎದ್ದು ನಿಲ್ಲಲಿಲ್ಲ, ಬಾ ಎನ್ನಲೂ ಇಲ್ಲ. ಕಾಟಮ್ಮನೇ ಸ್ಟೂಲು ಒರೆಸಿ ಕೊಟ್ಟಳು. ಬಿಸಿಲಿಗೆ ಪರದೆ ಕಾಣುತ್ತಿರಲಿಲ್ಲ. ಗೋಣಿಚೀಲವೊಂದನ್ನು ಎತ್ತಿ ಅಡ್ಡ ಹಿಡಿದು ತೋರಿಸಿದೆ.

ಅನ್ನಪೂರ್ಣಮ್ಮ ಕರ್ಚೀಫು ಸುತ್ತುವಾಗ ಅವಳು ಅಳುತ್ತಾಳೆ, ಇಲ್ಲವೇ ಶಾಪ ಹಾಕುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಹಿಂದಕ್ಕೆ ಹಾಕು ಎಂದಳು. ಸರದ ಭಾಗಕ್ಕೆ ಹಾಕಿದೆ. ಅದಲ್ಲ, ಇನ್ನೂ ಹಿಂದೆ ಎಂದಳು. ಪರದೆಯ ಹಿಂದೆ ಹೋಗುವ ಮುಂಚೆ ಅವಳು ಮಂಡಿಯೂರಿ ಮೇಘಶ್ರೀಯ ನೆರಿಗೆ ತಿದ್ದುವುದಿದೆ. ಅದನ್ನು ಎರಡು ಸಲ ನೋಡಿದಳು. "ನೆರಿಗೆ ಎಷ್ಟು ಸಮ ಕೂತಾವೆ ನೋಡವ್ವಾ," ಎಂದು ತಾಯಿಗೆ ತೋರಿಸಿದಳು. ಕಾಟಮ್ಮನಿಗೆ ಕಣ್ಣು ಮಂಜು. ಏನೂ ಕಾಣದಿದ್ದರೂ ಹೂಂ ಎಂದಳು.

ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು. "ನೀನು ಇದನ್ನ ಯಾವಾಗ ನೋಡಿದ್ದು?"

ಹೋದ ತಿಂಗಳು ಎಂದೆ.

"ಹೋದ ತಿಂಗಳು ನೋಡ್ದಾಕಿ ಇವತ್ತು ಬಂದ್ಯಾ? ಒಂದು ತಿಂಗಳು ನಿನಗೆ ಹೆಂಗೆ ನಿದ್ದೆ ಬಂತು ದುರ್ಗ?"

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಅಷ್ಟರಲ್ಲಿ ಯಾರೋ ಭಕ್ತರು ಬಂದರು, ಅವಳು ಕಾಯಿ ಆರಿಸಿ ಕೊಡಲು ಎದ್ದಳು. ನಾನು ಹೊರಡುವಾಗ ಅವಳು ಬೆನ್ನು ತಿರುಗಿಸಿ ಚಿಲ್ಲರೆ ಹುಡುಕುತ್ತಿದ್ದಳು.

ಅವಳ ಕೇಸು ನಡೆಸುವವರು ಹೊನ್ನಾಳಿಯ ವಕೀಲರು ತಿಪ್ಪೇರುದ್ರಸ್ವಾಮಿ. ಅಲ್ಲಿಗೂ ಹೋದೆ. ಪೆನ್‌ಡ್ರೈವಿನ ಕಾಪಿ ಸಾಕಾಗುವುದಿಲ್ಲ, ಮೂಲ ಕಾರ್ಡೇ ಬೇಕು ಎಂದರು. ಕೊಟ್ಟೆ. ದಿನ, ಗಂಟೆ, ಯಾವ ಕ್ಯಾಮೆರಾ ಎಂಬುದೆಲ್ಲ ಆ ಸಣ್ಣ ಫೈಲುಗಳಲ್ಲಿ ಹಾಗೇ ಇವೆ. ನನ್ನ ಹಳೆಯ ಹೇಳಿಕೆ ಸುಳ್ಳೆಂದು ಬರೆದುಕೊಟ್ಟು ಸಹಿ ಹಾಕಿದ್ದೇನೆ. ಅದರಿಂದ ನಿಮಗೂ ತೊಂದರೆ ಆಗಬಹುದಮ್ಮಾ ಎಂದರು. ಗೊತ್ತು ಸಾರ್ ಎಂದೆ. ಶೂಟ್ ಮಾಡಿದವರು ನೀವು, ಹಾಗಾಗಿ ನಿಮಗೂ ಸಮನ್ಸ್ ಬರುತ್ತದಂತೆ.

ಸುದ್ದಿ ಚನ್ನಗಿರಿಗೆ ಮುಟ್ಟಿದೆ. ಬೆನಕಪ್ಪನವರ ಕಡೆಯ ಇಬ್ಬರು ಬಿಳಿಚೋಡಿಗೆ ಬಂದು ಅಣ್ಣನ ಜಗಲಿಯಲ್ಲಿ ಕೂತು ಚಹಾ ಕುಡಿದು ಹೋದರು. ಅವರು ಬಂದುಹೋದ ಮೂರನೆಯ ದಿನ ನಿಮ್ಮ ಫೋನು. ಎಡಿಟಿಂಗಿಗೆ ಜನವಿಲ್ಲ ಎಂಬುದು ನಿಜವಿರಬಹುದು. ನನ್ನನ್ನು ಕರೆಯುತ್ತಿರುವುದು ಅದಕ್ಕೆ ಮಾತ್ರವಲ್ಲ ಎಂದು ಅಣ್ಣನಿಗೆ ಹೊಳೆಯಲಿಲ್ಲ. ನನಗೆ ಹೊಳೆಯಿತು.

ಕೋರ್ಟಿನಲ್ಲಿ ನೀವು ಏನು ಹೇಳುತ್ತೀರೋ ನಿಮಗೆ ಬಿಟ್ಟದ್ದು. ನಿಜ ಹೇಳಿದರೆ ರುದ್ರಾಣಿಯ ಹೆಸರು ಉಳಿಯುತ್ತದೆ. ಸುಳ್ಳು ಹೇಳಿದರೆ ನಾನು ಎದುರು ನಿಂತಿರುತ್ತೇನೆ. ಆಮೇಲೆ ನೀವು ಯಾವ ಕಾಗದ ಕಳಿಸಿದರೂ ಸಹಿ ಹಾಕಿಕೊಡುತ್ತೇನೆ. ಜಗಳ ಮಾಡುವುದಿಲ್ಲ.

ಇಷ್ಟು ವರ್ಷ ನೀವು ಬೇಡವೆಂದದ್ದನ್ನು ಕತ್ತರಿಸಿ ಕೊಟ್ಟವಳು,
ದುರ್ಗಾಂಬಿಕಾ

ತಾ.ಕ.: ಮೇಲಿನದನ್ನು ಬರೆದು ಎರಡು ದಿನ ಹಾಗೇ ಇಟ್ಟಿದ್ದೆ. ಇಷ್ಟಕ್ಕೇ ನಿಲ್ಲಿಸಿ ಕಳಿಸಿದರೆ ನಾನೂ ಬೆನಕಪ್ಪನವರ ಮನೆಯವಳೇ ಆಗುತ್ತೇನೆ. ಕಾರ್ಡು ಬ್ಯಾಗಿನ ಒಳಜೇಬಿನಲ್ಲಿ ಸಿಕ್ಕದ್ದಲ್ಲ. ಮದುವೆಯ ಮರುದಿನ, ನೀವು ಬಾಡಿಗೆ ಲೈಟು ವಾಪಸು ಕೊಡಲು ಹೋಗಿದ್ದಾಗ, ಎರಡನೆಯ ಕಾರ್ಡನ್ನು ನಾನು ಇಂಪೋರ್ಟ್ ಮಾಡಿದೆ. ನಲವತ್ತೊಂದು ನಿಮಿಷವನ್ನೂ ಕೂತು ನೋಡಿದೆ. ರುದ್ರಾಣಿ ಆಗ ಠಾಣೆಯಲ್ಲಿದ್ದಳು. ಎದ್ದು ಹೋಗಿದ್ದರೆ ಆವತ್ತೇ ಬಿಡಿಸಿಕೊಂಡು ಬರಬಹುದಿತ್ತು. ಕಾರ್ಡನ್ನು ಬಳೆ ಪೆಟ್ಟಿಗೆಯಲ್ಲಿ ಬಚ್ಚಿಟ್ಟು ಅಡುಗೆಗೆ ಎದ್ದೆ. ನೀವು ನನಗೆ ಸುಳ್ಳು ಹೇಳಿದಾಗ ಅದು ಸುಳ್ಳೆಂದು ನನಗೆ ಗೊತ್ತಿತ್ತು. ನಂಬಿದೆ ಎಂದು ಬರೆದದ್ದು ಸುಳ್ಳು.

ಆ ಕ್ಲಿಪ್ಪಿನ ಕೊನೆಯ ಏಳು ನಿಮಿಷವನ್ನು ರುದ್ರಾಣಿಗೆ ತೋರಿಸದೆ ಮುಚ್ಚಿದೆ. ಅನ್ನಪೂರ್ಣಮ್ಮ ಹೋದ ಮೇಲೆ ನೀವು ಒಂದು ಲೋಟ ಪಾಯಸ ತಂದು ರುದ್ರಾಣಿಗೆ ಕೊಡುತ್ತೀರಿ. ಅವಳು ಕುಡಿದು ಮುಗಿಸುವವರೆಗೆ ಅಲ್ಲೇ ನಿಂತು ಏನೋ ಹೇಳುತ್ತೀರಿ, ಅವಳು ನಗುತ್ತಾಳೆ, ನೀವೂ ನಗುತ್ತೀರಿ. ಕ್ಯಾಮೆರಾ ಇನ್ನೂ ಓಡುತ್ತಿದೆ ಎಂದು ಕಂಡಾಗ ಬಂದು ನಿಲ್ಲಿಸುತ್ತೀರಿ. ಅಷ್ಟೇ, ಅದರಲ್ಲಿ ತಪ್ಪು ಹುಡುಕುವಂಥದ್ದು ಏನೂ ಇಲ್ಲ. ಆದರೆ ನನ್ನ ಜೊತೆ ನೀವು ಹಾಗೆ ಏಳು ನಿಮಿಷ ನಿಂತು ಮಾತಾಡಿದ್ದು ನನಗೆ ನೆನಪಿಲ್ಲ. ಅವಳು ಎರಡು ದಿನ ಅಲ್ಲಿ ಕೂತಿರಲಿ ಎನಿಸಿತು. ಎರಡು ದಿನ ಎಂದುಕೊಂಡದ್ದು ಎರಡೂವರೆ ವರ್ಷವಾಯಿತು. ನೀವು ದುಡಿಮೆಗಾಗಿ ಮಾಡಿದಿರಿ, ನಾನು ಅದಕ್ಕೂ ಅಲ್ಲ.

ವಕೀಲರಿಗೆ ಕೊಟ್ಟ ಹೇಳಿಕೆಯಲ್ಲಿ ಇದಿಲ್ಲ. ರುದ್ರಾಣಿಗೆ ಹೇಳಿಲ್ಲ. ಮೊದಲು ನಿಮಗೆ ಬರೆದರೆ ಅವಳಿಗೆ ಹೇಳುವ ಧೈರ್ಯ ಬಂದೀತೆಂದು ಬರೆದೆ. ಇನ್ನೂ ಬಂದಿಲ್ಲ.